ಕೈಲೆ ಮಾಡಿದ ಸ್ಪೀಕರ್ ಡ್ರೈವರಿಗೆ ಎಷ್ಟು ದೊಡ್ಡ ಹಾರ್ನ್ ಬೇಕ್ರಿ?

ಪ್ರಶ್ನೆ: ಸರ್, ಹಳೇ ಟಾಕೀಸಿನ ಸ್ಪೀಕರ್ ಥರಾ 1 ಇಂಚ್ ಬಾಯಿಯ ಫೀಲ್ಡ್ ಕಾಯಿಲ್ ಡ್ರೈವರ್ (ಕಾಯಂ ಆಯಸ್ಕಾಂತದ ಬದಲು ಕರೆಂಟ್ ಹರಿಸೂ ಸುರುಳಿ ಇರೂ, ದನಿ ಹುಟ್ಟಿಸೂ ಭಾಗ) ಕೈಲೆ ಮಾಡಿಸೀನಿ. ಈಗ ನಮ್ಮ ಬಡಿಗೇರ ಕಾಕಾಗ ಹೇಳಿ ಸಾಗವಾನಿ ಹಾರ್ನ್ (ದನಿ ಜೋರ್ ಮಾಡೂ ತುತ್ತೂರಿ) ಮಾಡಿಸಬೇಕಂತೀನಿ, ದನಿ 200 ಹರ್ಟ್ಸಿನ ದಪ್ಪ ಸ್ವರದ ತನಕ ಇಳೀಬೇಕಂದ್ರ ಅಳತಿ ಎಷ್ಟ್ರಿ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಭಾಳ ಛಲೋ ಕೆಲಸಕ್ಕ ಕೈ ಹಾಕೀರಿ. 1926ರಾಗ ಬಂದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 555 ಡ್ರೈವರನೂ ಫೀಲ್ಡ್ ಕಾಯಿಲಿಂದೇ, ಅದಕ್ಕ 7 ವೋಲ್ಟ್ ಡೀಸಿ ಬೇಕಿತ್ತು.

ಎಕ್ಸ್‌ಪೊನೆನ್ಷಿಯಲ್ ಹಾರ್ನಿಗೆ 200 ಹರ್ಟ್ಸ್ ಅಂದ್ರ ಮುಂದಿನ ಬಾಯಿ ಸುಮಾರು 55 ಸೆಂಟಿಮೀಟರ್ ಅಗಲ, ಉದ್ದ 84ರ ಹತ್ರ, ಒಳಗಿನ ವಿಸ್ತೀರ್ಣ ಪ್ರತಿ ಒಂಬತ್ತೂವರಿ ಸೆಂಟಿಮೀಟರಿಗೆ ಡಬಲ್ ಆಗ್ತಾ ಹೋಗಬೇಕು. 100 ಹರ್ಟ್ಸಿನ ಆಸೆ ಬ್ಯಾಡ್ರಿ, ಬಾಯಿನೇ 1.1 ಮೀಟರ್ ಆಗತೈತಿ, ಮನ್ಯಾಗ ಹಿಡಿಯೂದಿಲ್ಲ.

ಸಾಗವಾನಿ ಚಂದ ಕಾಣತೈತಿ ಖರೆ, ಆದ್ರ ನಮ್ಮ ಕಡೆ ಬ್ಯಾಸಗಿಗೆ ದೊಡ್ಡ ಹಲಗಿ ಸೀಳತಾವು, ಅದಕ್ಕ ನಾ ಹೇಳೂದು 18 ಮಿಲಿಮೀಟರ್ ಪ್ಲೈವುಡ್ಡನ್ನ ಬಳೆ ಆಕಾರದಾಗ ಕೊಯ್ದು ಒಂದರ ಮ್ಯಾಲೊಂದು ಫೆವಿಕಾಲ್ ಹಚ್ಚಿ ಪೇರಿಸಿ, ಆಮ್ಯಾಲ ಒಳಗ ಪಾಲಿಶ್ ಪೇಪರ್ ಹೊಡೀರಿ. ಡ್ರೈವರ್ ಕೂಡೂ ಜಾಗಾದಾಗ ಬೆರಳು ಆಡಿಸಿ ನೋಡ್ರಿ, ಸಣ್ಣ ಮೆಟ್ಟಿಲು ಹತ್ತಿದ್ರೂ ಮೇಲಿನ ಸ್ವರ ಕೆಡತೈತಿ, ಅಲ್ಲೇ ಒಂದು ದಿನ ಹೆಚ್ಚಿಗಿ ಕೂಡ್ರಿ.

ಹಾರ್ನಿನ ಮಿತಿ ಕೆಳಗ ಡಯಾಫ್ರಮ್‌ಗೆ (ಡ್ರೈವರಿನೊಳಗ ಕುಣಿಯೂ ತೆಳು ಪರದಿ) ಗಾಳಿಯ ತಡಿ ಸಿಗಂಗಿಲ್ಲ, ಜೋರ್ ಕುಣಿದು ಹರೀತೈತಿ. ಹಂಗಾಗಿ ಕ್ರಾಸ್‌ಓವರ್ (ಅದರ ಕೆಳಗಿನ ಸ್ವರ ಬ್ಯಾರೆ ಸ್ಪೀಕರಿಗೆ ಕಳಸೂ ಹಂತ) 350 ಹರ್ಟ್ಸ್ ಮ್ಯಾಲೇ ಇಡ್ರಿ. ಫೀಲ್ಡ್ ಕಾಯಿಲಿಗೆ ಕೊಡೂ ಡೀಸಿ ಸಪ್ಲೈದಾಗ ಏರಿಳಿತ ಉಳಿದ್ರ ಗುಂಯ್ ಅಂತೈತಿ, ಫಿಲ್ಟರ್‌ಗೆ ಜಿಪುಣತನ ಮಾಡಬ್ಯಾಡ್ರಿ.