ಕಾಲು ಮುರಿದು ಬೆಡ್ ರೆಸ್ಟ್‌ನಲ್ಲಿ ಒಬ್ಬನೇ ಇದ್ದೇನೆ. ಬೇರೆ ದೇಶದವರ ಜೊತೆ ನಿಜವಾದ ಒಡನಾಟ ಆನ್‌ಲೈನ್ ಗ್ರೂಪ್‌ಗಳಲ್ಲಿ ಸಿಗುತ್ತದೆಯೇ? ಭಾಷಾ ವಿನಿಮಯದ ಆ್ಯಪ್, ಪತ್ರಮಿತ್ರರ ಸೈಟ್, ಗೇಮಿಂಗ್ ಗ್ರೂಪ್, ಇವುಗಳಲ್ಲಿ ಯಾವುದಕ್ಕೆ ಸೇರಲಿ? ಯಾವ ದೇಶದವರು ಬೇಗ ಹೊಂದಿಕೊಳ್ಳುತ್ತಾರೆ? ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ.

ನಿಮಗೆ ಕಾಲು ಮುರಿದಿದೆ. ನನಗೆ 2020ರಲ್ಲಿ ಕಾಲು ಗಟ್ಟಿಯಾಗೇ ಇತ್ತು, ಹೋಗೋಕೆ ಜಾಗ ಇರಲಿಲ್ಲ. ಪುಣೆಯ ಬಾಡಿಗೆ ರೂಮು, ಜೊತೆಗಿದ್ದವನು ಲಾಕ್‌ಡೌನ್‌ಗೆ ಮುಂಚೆಯೇ ಊರಿಗೆ ಹೋಗಿದ್ದ. ನೀವು ಪಟ್ಟಿ ಮಾಡಿರೋ ಭಾಷಾ ವಿನಿಮಯದ ಆ್ಯಪು, ಪತ್ರಮಿತ್ರರ ಸೈಟು ಎರಡನ್ನೂ ಅರೆದು ಕುಡಿದವನು ನಾನು. "ಹಾಯ್, ಯಾವ ದೇಶ?" "ಇಂಡಿಯಾ." "ಓ, ನಂಗೆ ಇಂಡಿಯನ್ ಕರಿ ಊಟ ಅಂದ್ರೆ ಇಷ್ಟ." ಮುಂದೆ ಮಾತೇ ಹೊರಡಲ್ಲ. ಅಲ್ಲಿ ಎಲ್ಲರೂ ಸ್ನೇಹಕ್ಕೇ ಬಂದಿರ್ತಾರೆ, ಅದಕ್ಕೇ ಸ್ನೇಹ ಆಗಲ್ಲ.

ನನಗೆ ಒಡನಾಟ ಸಿಕ್ಕಿದ್ದು ಇಂಗ್ಲೆಂಡಿನ ಹಳೇ ಮಳೆ ಲೆಕ್ಕದಲ್ಲಿ. ನಗಬೇಡಿ.

ನಮ್ಮಲ್ಲಿ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯ್ತಲ್ಲ, ಮಾರನೇ ದಿನ ಸಾಮಾನ್ಯರೂ ಸಂಶೋಧನೆಗೆ ಕೈಜೋಡಿಸೋ ಝೂನಿವರ್ಸ್ ಅನ್ನೋ ತಾಣದಲ್ಲಿ 'ರೇನ್‌ಫಾಲ್ ರೆಸ್ಕ್ಯೂ' ಅಂತ ಒಂದು ಕೆಲಸ ಶುರುವಾಯ್ತು. ರೀಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಅನ್ನೋ ಹವಾಮಾನ ವಿಜ್ಞಾನಿ ಶುರು ಮಾಡಿದ್ದು. ಬ್ರಿಟನ್ನಿನ ಹವಾಮಾನ ಇಲಾಖೆಯ ದಫ್ತರದಲ್ಲಿ ಕೈಬರಹದ ಸುಮಾರು 65,000 ಹಾಳೆ ಬಿದ್ದಿದ್ದವು. ಒಂದೊಂದು ಹಾಳೆಯಲ್ಲಿ ಒಂದು ಊರಿನ ಹತ್ತು ವರ್ಷದ ಮಳೆ, ತಿಂಗಳಿಗಿಷ್ಟು ಅಂತ. ಅದನ್ನ ನೋಡಿ ನೋಡಿ ಟೈಪ್ ಮಾಡಬೇಕು. ಮನೆಯಲ್ಲಿ ಕೂತ 16,000 ಜನ ಸೇರಿ 16 ದಿನದಲ್ಲಿ 50 ಲಕ್ಷಕ್ಕೂ ಹೆಚ್ಚು ಅಂಕಿ ಇಳಿಸಿದರು. ಅದರಲ್ಲಿ ನಂದೂ ಒಂದು ಚಿಟಿಕೆ. ಆಫೀಸಿನ ಕಾಲ್‌ನಲ್ಲಿ ಮೈಕ್ ಮ್ಯೂಟ್ ಮಾಡಿ ಇಳಿಸಿದ್ದೂ ಇದೆ, ನಮ್ಮ ಮ್ಯಾನೇಜರ್ ಇದನ್ನ ಓದಲ್ಲ ಅನ್ನೋ ಧೈರ್ಯದಲ್ಲಿ ಹೇಳ್ತಿದ್ದೇನೆ.

ನಾನು ಮೂಡಿಗೆರೆ ಕಡೆಯವನು, ಕಾಫಿ ತೋಟದವರು ನಾವು. ನಮ್ಮ ಕಡೆ ಇವತ್ತಿಗೂ ಮಳೆ ಅಂದ್ರೆ ಇಂಚು, ಸೆಂಟ್ಸ್. ನೂರು ಸೆಂಟ್ಸ್‌ಗೆ ಒಂದಿಂಚು. ಕಾಫಿ ಹೂ ಅರಳಿಸೋ ಹೂಮಳೆ ಬಿದ್ದ ರಾತ್ರಿಯೇ "ನಮ್ಮಲ್ಲಿ ತೊಂಬತ್ತು ಸೆಂಟ್ಸು, ನಿಮ್ಮಲ್ಲೆಷ್ಟು?" ಅಂತ ಫೋನುಗಳು ಓಡಾಡ್ತವೆ. ಅಪ್ಪ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕದ ನೀರನ್ನ ಗಾಜಿನ ಅಳತೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ಬರೀತಾರೆ. ಆ ಹಾಳೆಗಳಲ್ಲೂ ಅದೇ ಇಂಚು, ಅದೇ ನೂರನೇ ಪಾಲು. ಹಾಗಾಗಿ ಅಂಕಿ ನನಗೆ ಮನೆಯ ಭಾಷೆ ಥರ ಬಂತು.

ಹಾಳೆಗಳ ಪಕ್ಕದಲ್ಲೇ ಚರ್ಚೆಯ ಜಾಗ ಇತ್ತು. ಒಂದು ದಿನ ಒಂದು ಜುಲೈ ತಿಂಗಳ ಅಂಕಿ ಮೇಲೆ ಜಗಳ: ಅದು 3.17ಓ, 8.17ಓ? ಶಾಯಿ ಹರಡಿತ್ತು. ಒಬ್ಬರು ಬರವಣಿಗೆಯ ಬಾಲ ನೋಡಿ ಅಂದರು, ಇನ್ನೊಬ್ಬರು ಪಕ್ಕದೂರಿನ ಹಾಳೆ ತಂದರು. ನಾನು ಉಳಿದ ಹನ್ನೊಂದು ತಿಂಗಳು ಕೂಡಿಸಿ, ಕೆಳಗಿನ ವರ್ಷದ ಮೊತ್ತದಿಂದ ಕಳೆದು ತೋರಿಸಿದೆ. ಮೂರೇ. ಆಗ ಇಂಗ್ಲೆಂಡಿನ ಕಂಬ್ರಿಯಾದ ಒಬ್ಬ ನಿವೃತ್ತ ಟೀಚರಮ್ಮ ಕೇಳಿದರು, ಭಾರತದಲ್ಲಿ ಮಿಲಿಮೀಟರ್ ಅಲ್ಲವಾ, ನಿಮಗೆ ಇಂಚು ಇಷ್ಟು ಸಲೀಸು ಹೇಗೆ ಅಂತ. ಅಪ್ಪನ ಮಾಪಕದ ಕಥೆ ಹೇಳಿದೆ. ಬ್ರಿಟಿಷ್ ಪ್ಲಾಂಟರುಗಳು ಬಿಟ್ಟುಹೋದ ಅಭ್ಯಾಸ ಅಂತಲೂ ಹೇಳಿದೆ. ಆಕೆ ಅದಕ್ಕೆ ಕ್ಷಮೆ ಕೇಳೋಕೂ ಹೋಗಲಿಲ್ಲ, ಹೆಮ್ಮೆಪಡೋಕೂ ಹೋಗಲಿಲ್ಲ. ಮಾಪಕದ ಬಾಯಿ ಎಷ್ಟು ಅಗಲ ಅಂತ ಕೇಳಿದರು. ಆ ಪ್ರಶ್ನೆಗೆ ನಾನು ಮನಸೋತೆ.

ಅಲ್ಲಿಂದ ಮಾತು ಹಬ್ಬಿತು. ನಾನು ನಕ್ಷತ್ರದ ಮಳೆಗಳ ಲೆಕ್ಕ ಹೇಳಿದೆ, "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಅನ್ನೋದನ್ನೂ ಹೇಳಿದೆ. ಆಕೆ ಸೇಂಟ್ ಸ್ವಿದಿನ್ನನ ದಿನದ ಬಗ್ಗೆ ಬರೆದರು. ಜುಲೈ 15ಕ್ಕೆ ಮಳೆ ಬಂದ್ರೆ ನಲವತ್ತು ದಿನ ಬಿಡಲ್ಲ ಅಂತ ಅವರ ಕಡೆ ನಂಬಿಕೆ. ನಮಗೆ ಅದು ಪುನರ್ವಸು ಮಳೆಯ ಹೊತ್ತು, ನಲವತ್ತು ದಿನ ಬಿಡದಿದ್ದರೆ ನಾವದನ್ನ ವಿಶೇಷ ಅನ್ನಲ್ಲ ಅಂದೆ. ಸ್ಪೇನಿನ ಗಲೀಷಿಯಾದ ಹುಡುಗ ಒಬ್ಬ, ಐರ್ಲೆಂಡಿನ ಲಾರಿ ಡ್ರೈವರ್ ಒಬ್ಬರು ಸೇರಿಕೊಂಡರು. ಮಾತಿನಲ್ಲಿ ಹಳೇ ಕಾಲದಲ್ಲಿ ಮಳೆ ಅಳೆದವರೂ ಬಂದರು: ಲೇಡಿ ಬೇನಿಂಗ್ ಅಂತ ಇಂಗ್ಲೆಂಡಿನ ನಾರ್ಫೋಕ್‌ನ ಹೆಂಗಸು 19ನೇ ಶತಮಾನದಲ್ಲಿ ಐವತ್ತು ವರ್ಷದ ಮೇಲೆ ಮಳೆ ಅಳೆದಿದ್ದರು, ಲಂಡನ್ನಿಗೆ ಹೋಗುವಾಗ ಮಾಪಕವನ್ನೂ ಜೊತೆಗೆ ಒಯ್ಯುತ್ತಿದ್ದರು. "ನಮ್ಮಪ್ಪ ಮಗಳ ಮದುವೆಗೆ ಹೋದಾಗಲೂ ಆಳಿಗೆ ಫೋನ್ ಮಾಡಿ ಸೆಂಟ್ಸ್ ಕೇಳಿದ್ರು" ಅಂತ ನಾನು ಬರೆದೆ. ಎಲ್ಲರ ಮನೆಯಲ್ಲೂ ಅಂಥವರೊಬ್ಬರು ಇದ್ದರು ಅಂತ ಗೊತ್ತಾಯ್ತು.

ಇನ್ನು ನಾನು ಕೆಡಿಸಿದ್ದು. ಇದನ್ನ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ. ಇಷ್ಟು ಚೆನ್ನಾಗಿರೋ ಜನ, ಬರೀ ಹಾಳೆ ಬಗ್ಗೆ ಯಾಕೆ ಮಾತಾಡಬೇಕು ಅಂತ ನಾಲ್ವರನ್ನೂ ಸೇರಿಸಿ ಮೊಬೈಲ್‌ನಲ್ಲಿ ಒಂದು ಗ್ರೂಪ್ ಮಾಡಿದೆ. ಮೊದಲ ವಾರ ಖುಷಿಯೋ ಖುಷಿ. ಅಲ್ಲಿ ಆಗಿದ್ದೇನು ಅಂದ್ರೆ: ಚರ್ಚೆಯ ಜಾಗದಲ್ಲಿ ನಮ್ಮ ನಡುವೆ ಒಂದು ಹಾಳೆ ಇರುತ್ತಿತ್ತು, ಎಲ್ಲರ ಕಣ್ಣೂ ಅದರ ಮೇಲೆ. ಯಾರಾದ್ರೂ ಮೂರು ದಿನ ಬಿಟ್ಟು ಉತ್ತರ ಕೊಟ್ಟರೂ ಹಾಳೆ ಅಲ್ಲೇ ಕಾಯ್ತಿತ್ತು, ಮಾತು ತಣ್ಣಗಾಗ್ತಿರಲಿಲ್ಲ. ಗ್ರೂಪ್‌ನಲ್ಲಿ ಹಾಳೆ ಇಲ್ಲ, ನಾವೇ ಇದ್ದೆವು. ನಮಗೂ ಅವರಿಗೂ ಮೂರೂವರೆ, ನಾಲ್ಕೂವರೆ ಗಂಟೆ ವ್ಯತ್ಯಾಸ, ನಾನು ರಾತ್ರಿ ಊಟ ಮುಗಿಸಿ ಮಾತಿಗೆ ಕೂತರೆ ಅಲ್ಲಿ ಸಂಜೆ ಚಹಾ ಹೊತ್ತು. ನೀಲಿ ಟಿಕ್ ಬಂದೂ ಉತ್ತರ ಬರದಿದ್ದರೆ ಬೇಜಾರು. ಬೇಜಾರು ಮುಚ್ಚೋಕೆ ಗುಡ್ ಮಾರ್ನಿಂಗ್ ಹೂವು. ಹೂವು ಸಾಲದೆ ಒಂದು ದಿನ ನಾನು ವೈರಸ್ಸಿಗೆ ಕಷಾಯ ಅಂತ ಯಾರೋ ಕಳಿಸಿದ ವಿಡಿಯೋ ಫಾರ್ವರ್ಡ್ ಮಾಡಿದೆ. ಡ್ರೈವರ್ ಸಾಹೇಬರು ಗೇಲಿ ಮಾಡಿದರು, ನಾನು ಆಯುರ್ವೇದದ ಪರವಾಗಿ ಇಡೀ ದೇಶದ ವಕೀಲನಾಗಿ ನಿಂತೆ. ಮಳೆ ಅಳೆಯೋ ಮನೆಯ ಹುಡುಗ ಹೋಗಿ ಭಾರತದ ಪ್ರತಿನಿಧಿ ಆಗಿಬಿಟ್ಟಿದ್ದೆ. ಟೀಚರಮ್ಮ ಎರಡು ದಿನ ಸುಮ್ಮನಿದ್ದು ಗ್ರೂಪ್ ಬಿಟ್ಟರು. ಚರ್ಚೆಯ ಜಾಗಕ್ಕೂ ಮತ್ತೆ ಬರಲಿಲ್ಲ. ಅಪ್ಪನ ಡೈರಿಯ ಫೋಟೋ ಕಳಿಸ್ತೀನಿ ಅಂದಿದ್ದೆ, ಕಳಿಸೋಕೆ ವಿಳಾಸವೇ ಉಳಿಯಲಿಲ್ಲ.

ಹುಡುಗನೂ ನಾನೂ ಮಾತ್ರ ಹಾಳೆಗೆ ವಾಪಸ್ ಬಂದೆವು. ಮಾಪಕ ಇದ್ದ ಜಾಗಗಳನ್ನ ನಕ್ಷೆಯಲ್ಲಿ ಹುಡುಕೋ ಕೆಲಸ ಇನ್ನೂ ಬಾಕಿ ಇತ್ತು. ಈಗಲೂ ಮಾತಾಡ್ತೀವಿ, ಹೆಚ್ಚಾಗಿ ಮಳೆ ಬಗ್ಗೆಯೇ. 2022ರಲ್ಲಿ ಬ್ರಿಟನ್ನಿನ ಅಧಿಕೃತ ಮಳೆ ದಾಖಲೆ 1836ರವರೆಗೆ ಹಿಂದಕ್ಕೆ ಹೋಯ್ತು, ಆ ದಾಖಲೆಯಲ್ಲಿ ಅತಿ ಒಣ ವರ್ಷ 1855 ಅಂತ ತಿಳೀತು. ಸುದ್ದಿ ಮೊದಲು ಕಳಿಸಿದ್ದು ಅವನೇ.

ಹಾಗಾಗಿ "ಯಾವ ದೇಶದವರು ಬೇಗ ಹೊಂದಿಕೊಳ್ತಾರೆ" ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಜಪಾನಿನವರು ಹೀಗೆ, ಜರ್ಮನಿಯವರು ಹಾಗೆ ಅಂತ ಲೆಕ್ಕ ಹಾಕಿ ಹೋದ್ರೆ ನಿಮ್ಮನ್ನೂ ಅವರು ಇಂಡಿಯಾ ಅಂತಲೇ ನೋಡ್ತಾರೆ. ನಿಮಗೆ ಮೊದಲೇ ಗೊತ್ತಿರೋ ಏನಾದ್ರೂ ಒಂದು ಹಿಡಿಯಿರಿ. ಹಕ್ಕಿಯಾದ್ರೆ ಐನ್ಯಾಚುರಲಿಸ್ಟ್ ಅನ್ನೋ ತಾಣ, ನಕ್ಷೆಯಾದ್ರೆ ಎಲ್ಲರೂ ಸೇರಿ ಬರೆಯೋ ಓಪನ್‌ಸ್ಟ್ರೀಟ್‌ಮ್ಯಾಪ್, ಹಳೇ ಕೈಬರಹವಾದ್ರೆ ಝೂನಿವರ್ಸ್ ಈಗಲೂ ಇದೆ. ಗೇಮಿಂಗ್ ಬಗ್ಗೆ ನನಗೆ ಗೊತ್ತಿಲ್ಲ, ಅಲ್ಲೂ ಕೈಗೆ ಕೆಲಸ ಇರೋದ್ರಿಂದ ಪತ್ರಮಿತ್ರರಿಗಿಂತ ವಾಸಿ ಇರಬಹುದು. ಯಾರಾದ್ರೂ ಬಹಳ ಹಿಡಿಸಿದ್ರೂ ನಂಬರ್ ಕೇಳಬೇಡಿ, ಕೆಲವು ತಿಂಗಳಾದ್ರೂ ಅಲ್ಲೇ ಮಾತಾಡಿ.

ಇಂಗ್ಲಿಷ್ ಸರಿ ಬರಲ್ಲ ಅಂತ ಬರೆದಿದ್ದೀರಿ. ಗಲೀಷಿಯಾದ ಹುಡುಗನಿಗೂ ಬರ್ತಿರಲಿಲ್ಲ. ಮೊದಲ ತಿಂಗಳು ಅವನು ಹಾಕಿದ್ದೆಲ್ಲ ಅಂಕಿ ಮತ್ತು ಪ್ರಶ್ನಾರ್ಥಕ ಚಿಹ್ನೆ.