ಯುಗಾದಿಗೆ ಹಸು ಕಟ್ಟುವ ಮೊದಲು ಬಣವೆ ನೋಡಿ

"ಕೆಲಸ ಬಿಟ್ಟು ಯುಗಾದಿಗೆ ಊರಿಗೆ ಬಂದು ನಾಲ್ಕು ಹಸು ಕಟ್ಟೋಣ ಅಂತಿದ್ದೇನೆ, ವಸಂತದಲ್ಲಿ ದನಕರು ಸಾಕುವ ಮನೆ ಹೇಗಿರುತ್ತದೆ?" ಅಂತ ಕೇಳಿದ್ದೀರಿ. ನಮ್ಮದು ಮುಳಬಾಗಿಲು ತಾಲ್ಲೂಕು. ಮನೆಯಲ್ಲಿ ಮೂರು ಸೀಮೆ ಹಸು, ಒಂದು ನಾಟಿ ಹಸು, ಹನ್ನೆರಡು ಕುರಿ ಇವೆ. ನಾನು, ನಮ್ಮ ಯಜಮಾನರು, ಅತ್ತೆ, ಮಾವ ಸೇರಿ ನೋಡಿಕೊಳ್ಳುತ್ತೇವೆ. ಆಳುಗಳಿಲ್ಲ.

ವಸಂತ ಅಂದಕೂಡಲೇ ಹಸಿರು ನೆನಪಾಗುತ್ತದೆ, ಅಲ್ವಾ? ನಮ್ಮ ಕಡೆ ಆಗ ಹಸಿರಾಗುವುದು ಮರಗಳು ಮಾತ್ರ. ಹೊಂಗೆ ಚಿಗುರಿ ಮಿರಮಿರ ಮಿಂಚುತ್ತದೆ, ಬೇವು ಹೂ ಬಿಡುತ್ತದೆ. ನೆಲ ಬೋಳು. ಗೋಮಾಳದಲ್ಲಿ ಕುರಿಯ ಬಾಯಿಗೂ ಸಿಗುವಷ್ಟು ಹುಲ್ಲಿರುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಕೆರೆ ಬತ್ತಿದರೆ ಬೋರ್‌ವೆಲ್ಲೇ ಗತಿ. ಬಿಸಿಲು ಏರಿದಾಗ ಹಾಲು ಕೊಡುವ ಒಂದು ಸೀಮೆ ಹಸು ದಿನಕ್ಕೆ 80 ಲೀಟರ್ ನೀರು ಕುಡಿದುಬಿಡುತ್ತದೆ.

ಶಿವರಾತ್ರಿ ಸಮಯಕ್ಕೆ ಆವಣಿಯಲ್ಲಿ ದನಗಳ ಜಾತ್ರೆ. ಮಾವ ಒಂದು ವರ್ಷವೂ ತಪ್ಪಿಸುವುದಿಲ್ಲ. ಕೊಳ್ಳುವುದೇನೂ ಇಲ್ಲ. ಹಳ್ಳಿಕಾರ್ ಹೋರಿಗಳ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಜನರ ಹತ್ತಿರ ಮಾತಾಡಿ ಬರುತ್ತಾರೆ. ಬಂದ ಮಾರನೇ ದಿನ ರಾಗಿ ಹುಲ್ಲಿನ ಬಣವೆ ಮುಂದೆ ನಿಂತು ಲೆಕ್ಕ ಹಾಕುತ್ತಾರೆ. ಒಂದು ಹಸುವಿಗೆ ದಿನಕ್ಕೆ 6 ಕೆಜಿ ಒಣಹುಲ್ಲು, ನಾಲ್ಕಕ್ಕೆ 24. ಮಾರ್ಚ್‌ನಿಂದ ಜೂನ್‌ವರೆಗೆ 120 ದಿನಕ್ಕೆ ಹೆಚ್ಚುಕಡಿಮೆ 3 ಟನ್. ಹಸಿಮೇವು, ಬೂಸ, ಹಿಂಡಿ ಬೇರೆ. ಬಣವೆ ಸಾಲದಿದ್ದರೆ ಆಗಲೇ ಕೊಂಡು ಹಾಕಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಹುಡುಕಿದರೆ ರೇಟೂ ಜಾಸ್ತಿ, ಸಿಗುವುದೂ ಕಷ್ಟ.

ದಿನಚರಿ ಎಲ್ಲ ಕಾಲಕ್ಕೂ ಒಂದೇ. ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು ಡೈರಿಗೆ ಹಾಕಬೇಕು. ಸಂಜೆ ಮತ್ತೆ ಅದೇ. ಹಬ್ಬದ ದಿನವೂ ಬಿಡುವಿಲ್ಲ. ಕುರಿಗಳಿಗೆ ಮಾತ್ರ ಯುಗಾದಿ ಒಳ್ಳೆಯ ವ್ಯಾಪಾರದ ಕಾಲ. ಮಾರನೇ ದಿನ ಹೊಸತೊಡಕು ಅಲ್ವಾ, ಟಗರು ಕೇಳಿಕೊಂಡು ಜನ ಮನೆಗೇ ಬರುತ್ತಾರೆ.

ಹೋದ ವರ್ಷ ಹಬ್ಬಕ್ಕೆ ಎರಡು ದಿನ ಇರುವಾಗ ನಮ್ಮ ಗೌರಿ ಕರು ಹಾಕಿತು. ರಾತ್ರಿ ಹನ್ನೊಂದು ಗಂಟೆ. ಮೊದಲು ಎರಡು ಮುಂಗಾಲು ಕಂಡವು, ಅವುಗಳ ಮೇಲೆ ಒರಗಿಸಿಟ್ಟ ಹಾಗೆ ಮೂತಿ. ನಾನು ಕೈ ಹಾಕಲು ಹೋದೆ. "ಸುಮ್ನಿರಮ್ಮ, ಅದೇ ಹಾಕುತ್ತೆ" ಅಂದರು ಅತ್ತೆ. ಅರ್ಧ ಗಂಟೆಯಲ್ಲಿ ಕರು ಹುಲ್ಲಿನ ಮೇಲೆ ಬಿತ್ತು. ಗೊರಸಿನ ತುದಿ ಇನ್ನೂ ಮೆತ್ತಗೆ, ಹಳದಿಯಾಗಿತ್ತು. ಮೂಗಿನ ಲೋಳೆ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿದೆವು. ಗೌರಿ ನೆಕ್ಕತೊಡಗಿತು. ಒದ್ದೆ ಕೂದಲ ಮೇಲೆ ಒರಟು ನಾಲಿಗೆಯ ಸರಸರ ಸದ್ದು ಬಿಟ್ಟರೆ ಕೊಟ್ಟಿಗೆಯಲ್ಲಿ ಬೇರೆ ಸದ್ದಿಲ್ಲ. ಕರು ಮೂರು ಸಲ ಎದ್ದು ಮುಗ್ಗರಿಸಿತು. ನಾಲ್ಕನೇ ಸಲ ನಿಂತಿತು.

ಕಸ, ಅಂದರೆ ಮಾಸು, ಬೀಳುವವರೆಗೂ ಕರುವಿಗೆ ಹಾಲು ಬಿಡಬಾರದು ಅಂತ ಹಳ್ಳಿಗಳಲ್ಲಿ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲೇಬೇಕು. ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಅದರಿಂದ. ಕರು ಕುಡಿದರೆ ಕಸ ಬೀಳುವುದಕ್ಕೂ ಅನುಕೂಲ. ಹೊತ್ತು ಕಳೆದರೂ ಬೀಳದಿದ್ದರೆ ಕೈಯಿಂದ ಎಳೆಯದೆ ಡಾಕ್ಟರನ್ನು ಕರೆಸಿ. ಕರು ಕುಡಿದು ಉಳಿದ ಗಿಣ್ಣನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಅಕ್ಕಪಕ್ಕದ ಮನೆಗೆಲ್ಲ ಕೊಟ್ಟೆವು.

ಇನ್ನೊಂದು ಮಾತು. ಅಶ್ವಿನಿ, ಭರಣಿ ಮಳೆ ಒಂದು ಹದ ಬಿದ್ದರೆ ಕೊಯ್ದ ಜೋಳದ ಕೂಳೆ ಚಿಗುರುತ್ತದೆ. ನಾಲ್ಕು ತಿಂಗಳು ಒಣಹುಲ್ಲು ತಿಂದ ದನ ಆ ಎಳೆ ಹಸಿರಿಗೆ ಓಡುತ್ತದೆ. ಅದರಲ್ಲಿ ವಿಷ ಇರುತ್ತದೆ. ನನಗೆ ಇದು ಗೊತ್ತಿಲ್ಲದ ವರ್ಷ ನಮ್ಮ ಕುರಿಗಳು ಪಕ್ಕದ ಹೊಲಕ್ಕೆ ನುಗ್ಗಿದ್ದವು. ಜೋರಾಗಿ ಏದುಸಿರು ಬಿಡುತ್ತಾ ಎರಡು ಕುರಿ ಕಣ್ಣೆದುರೇ ಬಿದ್ದು ಸತ್ತವು. ಒಂದು ಗಬ್ಬದ ಕುರಿ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟ ಮೇಲೆ ಉಳಿದವು ಚೇತರಿಸಿಕೊಂಡವು. ಈಗ ಜೋಳ ಹೂ ಬಿಡುವ ಮುಂಚೆ ಒಂದು ಗರಿಯನ್ನೂ ಕೊಡುವುದಿಲ್ಲ.

ಹಾಗಾಗಿ ಯುಗಾದಿಗೆ ಬನ್ನಿ, ಆದರೆ ಹಸು ಆಗಲೇ ತರಬೇಡಿ. ಕೊಟ್ಟಿಗೆ ಕಟ್ಟಿ. ನೀರಿದ್ದರೆ ಕಾಲು ಎಕರೆಗೆ ನೇಪಿಯರ್ ಮೇವಿನ ಹುಲ್ಲಿನ ಕಡ್ಡಿ ನೆಡಿ. ಮುಂಗಾರಿಗೆ ರಾಗಿ ಬಿತ್ತಿ. ಸಂಕ್ರಾಂತಿ ಹೊತ್ತಿಗೆ ನಿಮ್ಮದೇ ಬಣವೆ ನಿಂತ ಮೇಲೆ ಎರಡು ಹಸು ತನ್ನಿ. ಮೊದಲ ವರ್ಷಕ್ಕೆ ನಾಲ್ಕು ಬೇಡ, ಎರಡೇ ಸಾಕು.