ಜನವರಿಯ ಅಲೆ ಎಷ್ಟು ಎತ್ತರ ಅಂತ ಮೊದಲು ಕೇಳಿ

ಗೆಳೆಯರ ಅಲೆ ಕರೆಂಟಿನ ಯೋಜನೆಗೆ ಎಂಟು ಲಕ್ಷ ಹಾಕಲಾ, ಸೋಲಾರ್‌ಗಿಂತ ಇದು ಒಳ್ಳೆಯದಾ ಅಂತ ಕೇಳಿದ್ದೀರಿ. ಹಾಕಬೇಡಿ. "ಕಾರವಾರದ ಕಡೆ ಅಲೆಯಿಂದ ಕರೆಂಟು, ಯೂನಿಟ್ಟಿಗೆ ಮೂರೇ ರೂಪಾಯಿ, ಸೂರ್ಯ ಮುಳುಗಿದರೂ ಸಮುದ್ರ ನಿಲ್ಲೋದಿಲ್ಲ" ಅಂತ ನಿಮ್ಮ ಗೆಳೆಯರು ಹೇಳಿದ್ದಾರಲ್ಲ, 2016ರಲ್ಲಿ ಇದೇ ಮಾತನ್ನು ನಾನು ನಾಲ್ಕು ಜನರ ಮುಂದೆ ಕೂತು ಹೇಳಿದ್ದೆ.

ಬೆಳಗಾವಿಯ ಉದ್ಯಮಬಾಗದಲ್ಲಿ ನಂದೊಂದು ಸಣ್ಣ ವರ್ಕ್‌ಶಾಪ್ ಇದೆ. ಹೈಡ್ರಾಲಿಕ್ ಸಿಲಿಂಡರ್, ಅಂದ್ರೆ ಎಣ್ಣೆಯ ಒತ್ತಡದಿಂದ ರಾಡ್ ಒಳಗೆ ಹೊರಗೆ ಆಡೋ ಕೊಳವೆ, ಅದರ ರಿಪೇರಿ ನಮ್ಮ ಕೆಲಸ. ಜೆಸಿಬಿಯವರು, ಸಕ್ಕರೆ ಕಾರ್ಖಾನೆಯವರು ತಂದು ಹಾಕ್ತಾರೆ, ನಾವು ರಾಡ್ ಸರಿ ಮಾಡಿ, ಎಣ್ಣೆ ಸೋರದ ಹಾಗೆ ತಡೆಯೋ ಸೀಲ್ ಬದಲಿಸಿ ಕೊಡ್ತೀವಿ. ಅಲೆ ಯಂತ್ರದಲ್ಲೂ ಇದೇ ಸಿಲಿಂಡರ್: ಅಲೆ ಏರಿಳಿದರೆ ತೇಲುಬುಂಡೆ ಏರಿಳಿಯುತ್ತೆ, ಬುಂಡೆ ಸಿಲಿಂಡರ್ ಎಳೆಯುತ್ತೆ, ಎಣ್ಣೆ ಒತ್ತಡಕ್ಕೆ ಬಂದು ಮೋಟಾರ್ ತಿರುಗಿಸುತ್ತೆ, ಅದರಿಂದ ಕರೆಂಟು. ಇದನ್ನು ನನಗಿಂತ ಚೆನ್ನಾಗಿ ಯಾರು ಮಾಡಬಲ್ಲರು ಅನ್ನೋ ನಂಬಿಕೆ ಇತ್ತು. ಯಂತ್ರದ ವಿಷಯದಲ್ಲಿ ಆ ನಂಬಿಕೆ ತಪ್ಪಾಗಿರಲಿಲ್ಲ. ತಪ್ಪಿದ್ದು ಲೆಕ್ಕ, ಅದೂ ಮುಖ್ಯವಾಗಿ ಒಂದು ಕಡೆ.

ಜುಲೈ ತಿಂಗಳಲ್ಲಿ ಅಣಶಿ ಘಟ್ಟ ಇಳಿದು ಮಾಜಾಳಿ ಕಡೆಗೆ ಹೋದೆವು. ದಂಡೆಯ ಬಂಡೆಗೆ ಬಣ್ಣದ ಗೆರೆ ಬಳಿದು, ಫೋನಿನಲ್ಲಿ ವಿಡಿಯೋ ತೆಗೆದು, ಒಂಬತ್ತು ದಿನ ಅಲೆ ಎಣಿಸಿದೆವು. ಸರಾಸರಿ ಎತ್ತರ ಎರಡೂವರೆ ಮೀಟರ್, ಅಲೆಯಿಂದ ಅಲೆಗೆ 9 ಸೆಕೆಂಡು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ನನ್ನ ದುಡ್ಡು ಹೋಗಿದ್ದು ಇಲ್ಲೇ. ಒಂದು ಮೀಟರ್ ಅಗಲದ ಅಲೆಯಲ್ಲಿ ಎಷ್ಟು ಕಿಲೋವಾಟ್ ಇದೆ ಅಂತ ತಿಳಿಯೋಕೆ ಒಂದು ಸುಲಭ ಸೂತ್ರ ಇದೆ: ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಅದನ್ನು ಸೆಕೆಂಡುಗಳಿಂದ ಗುಣಿಸಿ, ಬಂದದ್ದರಲ್ಲಿ ಅರ್ಧ ತಗೊಳ್ಳಿ. ಆಳ ನೀರಿನ ಲೆಕ್ಕ ಇದು, ದಂಡೆ ಹತ್ತಿರ ಬಂದಂತೆ ಬದಲಾಗುತ್ತೆ, ಆದರೂ ಅಂದಾಜಿಗೆ ಸಾಕು. ಎರಡೂವರೆಯ ವರ್ಗ ಆರೂಕಾಲು, ಒಂಬತ್ತರಿಂದ ಗುಣಿಸಿ ಅರ್ಧ ಮಾಡಿದರೆ 28 ಕಿಲೋವಾಟ್. 5 ಮೀಟರ್ ಅಗಲದ ಬುಂಡೆಗೆ 140. ಐದರಲ್ಲಿ ಒಂದು ಪಾಲು ಸಿಕ್ಕರೂ 28, ಇರಲಿ 25 ಅಂತ ಹಿಡಿದೆವು. ವರ್ಷಕ್ಕೆ 8,760 ಗಂಟೆ. 25ರಿಂದ ಗುಣಿಸಿದರೆ ಎರಡು ಲಕ್ಷ ಹತ್ತೊಂಬತ್ತು ಸಾವಿರ ಯೂನಿಟ್. ಯಂತ್ರಕ್ಕೆ 38 ಲಕ್ಷ, 12 ಪರ್ಸೆಂಟ್ ಬಡ್ಡಿ, 15 ವರ್ಷ ಅಂದ್ರೆ ವರ್ಷಕ್ಕೆ ಸುಮಾರು ಐದೂವರೆ ಲಕ್ಷದ ಕಂತು. ಯೂನಿಟ್ಟಿಗೆ ಎರಡೂವರೆ ರೂಪಾಯಿ ಬಿತ್ತು!

ಈಗ ಅದೇ ಸೂತ್ರಕ್ಕೆ ಜನವರಿಯನ್ನು ಹಾಕಿ. ಎತ್ತರ 60 ಸೆಂಟಿಮೀಟರ್, 6 ಸೆಕೆಂಡು. 0.6ರ ವರ್ಗ 0.36, ಆರರಿಂದ ಗುಣಿಸಿ ಅರ್ಧ ಮಾಡಿದರೆ ಒಂದೇ ಕಿಲೋವಾಟ್ ಚಿಲ್ಲರೆ. ಅಲೆ ನಾಲ್ಕನೇ ಒಂದು ಭಾಗಕ್ಕೆ ಇಳಿದು, ಸೆಕೆಂಡೂ ಒಂಬತ್ತರಿಂದ ಆರಕ್ಕೆ ಇಳಿದರೆ ಶಕ್ತಿ ಸುಮಾರು ಇಪ್ಪತ್ತೈದನೇ ಒಂದು ಭಾಗಕ್ಕೆ ಇಳಿದುಬಿಡುತ್ತೆ. ಹೌದು, ಸಮುದ್ರ ನಿಲ್ಲೋದಿಲ್ಲ. ಆದರೆ ನಮ್ಮ ಅರಬ್ಬಿ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್ ತನಕ ನಾಲ್ಕು ತಿಂಗಳು ಕೊಡುತ್ತೆ, ಎಂಟು ತಿಂಗಳು ಕೊಡೋದಿಲ್ಲ. ನಾನು ಜುಲೈ ತಿಂಗಳನ್ನು ಹನ್ನೆರಡು ಸಲ ಬರೆದಿದ್ದೆ. ಉಕ್ಕು, ಸರಪಳಿ, ಲಂಗರು ಎಲ್ಲ ಮಳೆಗಾಲದ ಅತಿ ದೊಡ್ಡ ಅಲೆ ತಡಕೊಳ್ಳೋ ಹಾಗೆ ಕೊಳ್ಳಬೇಕು, ಅದಕ್ಕೆ ಹನ್ನೆರಡೂ ತಿಂಗಳು ಬಡ್ಡಿ ಕಟ್ಟಬೇಕು.

ದುಡ್ಡು ಹಾಕೋ ಮೊದಲು ಜನವರಿಯ ಅಲೆ ನೋಡೋಕೆ ಹೋಗಲೇ ಇಲ್ಲ. ಲೇಥ್ ಮೇಲೆ ಆರು ಲಕ್ಷ ಸಾಲ, ಕೈಯಿಂದ ಐದು ಲಕ್ಷ, ಒಟ್ಟು 11 ಲಕ್ಷದಲ್ಲಿ ಒಂದು ಮೀಟರ್ ಬುಂಡೆಯ ಮಾದರಿ ಮಾಡಿದೆವು. 2017ರ ನವೆಂಬರ್‌ನಲ್ಲಿ ನೀರಿಗೆ ಇಳಿಸಿದೆವು, ಯಾಕಂದ್ರೆ ದೋಣಿ ಸಿಗೋದು, ನೀರು ಸುಮ್ಮನಿರೋದು ಆಗಲೇ. ಮೋಟಾರ್ ತಿರುಗೋಕೆ ಎಣ್ಣೆಯ ಒತ್ತಡ 60 ಬಾರ್ ಬೇಕು. ಗೇಜ್ ಮುಳ್ಳು ಪ್ರತಿ ಅಲೆಗೂ 15ಕ್ಕೆ ಏರಿ ಮತ್ತೆ ಸೊನ್ನೆಗೆ ಬೀಳುತ್ತಿತ್ತು. ಅಲೆಯಲ್ಲಿದ್ದ ಅಷ್ಟಿಷ್ಟು ಶಕ್ತಿಯನ್ನು ಸೀಲಿನ ಬಿಗಿಯೇ ತಿಂದುಹಾಕುತ್ತಿತ್ತು. ದೋಣಿಯ ಮುದುಕ ಮುಳ್ಳನ್ನೇ ಬಹಳ ಹೊತ್ತು ನೋಡಿ, "ತಮ್ಮಾ, ಈಗ ಇದು ಕೆರೆ ಇದ್ದಂಗೆ. ಜೂನಿನಾಗೆ ಬಾ" ಅಂದ. ಫೆಬ್ರವರಿಗೆ ಎತ್ತಿ ನೋಡಿದರೆ, ಹೊಳೆಯುವ ಕ್ರೋಮ್ ರಾಡಿನ ತುಂಬ ಸುಣ್ಣದಂಥ ಸಣ್ಣ ಚಿಪ್ಪು ಕಚ್ಚಿಕೊಂಡಿದ್ದವು. ಉಗುರಿಂದ ಕೆರೆದರೆ ಉಗುರೇ ಹರಿಯಿತು. ಆ ರಾಡ್ ಒಳಗೆ ಹೋದಾಗಲೆಲ್ಲ ಸೀಲ್ ಹರಿದಿತ್ತು.

ಸೀಲ್ ಬದಲಿಸಿ ಮತ್ತೆ ಇಳಿಸಿದೆವು. 2018ರ ಜೂನ್ ಮೊದಲ ವಾರ ಅಲೆ ಎದ್ದಿತು, ಮುಳ್ಳು 60 ದಾಟಿತು, ದಂಡೆಯಲ್ಲಿ ಬಲ್ಬ್ ಉರಿಯಿತು. ಮೂರನೇ ದಿನ ಲಂಗರಿನ ಸರಪಳಿ ಸೇರಿಸೋ ಕೊಂಡಿಯ (ಶಾಕಲ್) ಪಿನ್ ಮುರಿಯಿತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಎಲ್ಲ ಬೋಟ್ ದಡದಲ್ಲಿದ್ದವು. ಇದ್ದರೂ ಆ ನೀರಿಗೆ ಯಾರೂ ಇಳಿಯುತ್ತಿರಲಿಲ್ಲ. ಬುಂಡೆ ಮರಳಿಗೆ ಬಂದು ಬಿತ್ತು, ರಾಡ್ ಬಾಗಿತ್ತು. ಯಂತ್ರ ದುಡಿಯೋ ಕಾಲದಲ್ಲೇ ರಿಪೇರಿ ಮಾಡೋಕೆ ಆಗೋದಿಲ್ಲ, ರಿಪೇರಿ ಮಾಡಬಹುದಾದ ಕಾಲದಲ್ಲಿ ದುಡಿಮೆ ಇಲ್ಲ. ಎಕ್ಸೆಲ್ ಹಾಳೆಯಲ್ಲಿ ಇದಕ್ಕೆ ನಾನು ಒಂದು ಸಾಲನ್ನೂ ಬರೆದಿರಲಿಲ್ಲ.

ಆಮೇಲೆ ಕೂತು ಸರಿಯಾಗಿ ಲೆಕ್ಕ ಹಾಕಿದೆ. 38 ಲಕ್ಷದ ಆ ದೊಡ್ಡ ಯಂತ್ರ ಏನೂ ಮುರಿಯದೆ ನಡೆದಿದ್ದರೂ ವರ್ಷಕ್ಕೆ ಬರುತ್ತಿದ್ದದ್ದು 41,000 ಯೂನಿಟ್. ಬಡ್ಡಿ ಕಂತಿಗೇ ಯೂನಿಟ್ಟಿಗೆ ಹದಿಮೂರೂವರೆ ರೂಪಾಯಿ. ದೋಣಿ, ನೀರಲ್ಲಿ ಮುಳುಗಿ ಕೆಲಸ ಮಾಡೋರು, ಸೀಲು, ಚಿಪ್ಪು ಕೆರೆಸುವ ಕೂಲಿ ಸೇರಿಸಿ ವರ್ಷಕ್ಕೆ ನಾಲ್ಕು ಲಕ್ಷ ಹಿಡಿದರೆ 23 ರೂಪಾಯಿ ದಾಟುತ್ತೆ. ನಾನು ಮಾದರಿಗೆ ವೆಲ್ಡಿಂಗ್ ಮಾಡಿಸುತ್ತಿದ್ದ 2017ರ ಮೇ ತಿಂಗಳಲ್ಲೇ ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿನ ಹರಾಜಿನಲ್ಲಿ ದರ ಯೂನಿಟ್ಟಿಗೆ 2.44 ರೂಪಾಯಿಗೆ ಇಳಿದಿತ್ತು.

ಇನ್ನೊಂದು ಮಾತು ಯಾರೂ ಹೇಳೋದಿಲ್ಲ. ಸ್ಕಾಟ್ಲೆಂಡಿನಲ್ಲಿ ದೊಡ್ಡ ಅಲೆ ಬರೋದು ಚಳಿಗಾಲದಲ್ಲಿ, ಅಲ್ಲಿಯ ಜನರಿಗೆ ಕರೆಂಟು ಜಾಸ್ತಿ ಬೇಕಾಗೋದೂ ಆಗಲೇ. ನಮ್ಮಲ್ಲಿ ಅಲೆ ಏಳೋದು ಮಳೆಗಾಲದಲ್ಲಿ. ಆಗ ಕಬ್ಬಿನ ಪಂಪ್‌ಸೆಟ್ ಬಂದ್ ಇರ್ತವೆ, ಜಲಾಶಯಗಳಿಗೆ ನೀರು ಬರ್ತಿರುತ್ತೆ, ಸವದತ್ತಿ ಗುಡ್ಡದ ಗಾಳಿಯಂತ್ರಗಳೂ ಭರಾಟೆಯಿಂದ ತಿರುಗ್ತಿರ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ರೈತ ಕರೆಂಟಿಗೆ ಕಾಯುವಾಗ ಕಡಲು ತಣ್ಣಗೆ ಮಲಗಿರುತ್ತೆ. ಹಾಗಾಗಿ ಸೋಲಾರ್‌ಗಿಂತ ಇದು ಒಳ್ಳೆಯದಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಗ್ರಿಡ್ಡಿಗೆ ಮಾರೋ ಮಾತು ಬಂದ ಕೂಡಲೇ ಅಲೆ ಸೋತಿತು ಅಂತಲೇ ತಿಳೀರಿ.

ದೊಡ್ಡವರೂ ಸೋತಿದ್ದಾರೆ. ಪೋರ್ಚುಗಲ್ಲಿನ ಅಗುಸಾದೋರದಲ್ಲಿ 2008ರ ಸೆಪ್ಟೆಂಬರ್‌ನಲ್ಲಿ ಪೆಲಾಮಿಸ್ ಕಂಪನಿಯ 750 ಕಿಲೋವಾಟಿನ ಮೂರು ಯಂತ್ರ ಶುರುವಾದವು. ಬೇರಿಂಗ್ ತೊಂದರೆಯಿಂದ ಕೆಲವೇ ತಿಂಗಳಲ್ಲಿ ಬಂದರಿಗೆ ವಾಪಸ್ ಎಳೆತಂದರು, ಹಣ ಹಾಕಿದವರೂ ಕುಸಿದರು, 2014ರಲ್ಲಿ ಆ ಕಂಪನಿಯೇ ಮುಚ್ಚಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಅವರೂ ನಮ್ಮ ಹಾಗೆ ಹೈಡ್ರಾಲಿಕ್ ಸಿಲಿಂಡರ್ ನಂಬಿದವರು.

ಆದರೂ ಅಲೆ ಮೇಲಿನ ಪ್ರೀತಿ ನನಗಿನ್ನೂ ಹೋಗಿಲ್ಲ. ಕೇರಳದ ವಿಳಿಂಜದಲ್ಲಿ 1991ರಲ್ಲೇ ಐಐಟಿ ಮದ್ರಾಸಿನವರು 150 ಕಿಲೋವಾಟಿನ ಅಲೆ ಸ್ಥಾವರ ಕಟ್ಟಿದ್ದರು. ಕಾಂಕ್ರೀಟ್ ಕೋಣೆಯೊಳಗೆ ನೀರು ಏರಿಳಿದು ಗಾಳಿಯನ್ನು ದೂಡುತ್ತೆ, ಗಾಳಿ ಯಾವ ಕಡೆ ಹೋದರೂ ಟರ್ಬೈನ್ ಒಂದೇ ದಿಕ್ಕಿಗೆ ತಿರುಗುತ್ತೆ. ಉಪ್ಪುನೀರಲ್ಲಿ ಓಡಾಡೋ ರಾಡೇ ಇಲ್ಲ. ಸ್ಪೇನಿನ ಮುತ್ರಿಕುವಿನಲ್ಲಿ 2011ರಲ್ಲಿ ಇಂಥದೇ 16 ಟರ್ಬೈನ್ ಕೂಡಿಸಿದರು, ಒಟ್ಟು 296 ಕಿಲೋವಾಟ್, ಬಂದರಿಗೆ ಅಲೆ ತಡೆಯೋಕೆ ಕಟ್ಟಿದ ಗೋಡೆಯೊಳಗೆ. ಗೋಡೆ ಹೇಗೂ ಬೇಕಿತ್ತು, ಅದರ ಖರ್ಚನ್ನೆಲ್ಲ ಕರೆಂಟಿನ ಮೇಲೆ ಹೊರಿಸಬೇಕಾಗಲಿಲ್ಲ. ಇಂಥ ಕಡೆ, ಇಲ್ಲಾ ಡೀಸೆಲ್ ಜನರೇಟರ್ ನಂಬಿದ ಲಕ್ಷದ್ವೀಪದಂಥ ಕಡೆ, ಇಲ್ಲಾ ನಡುನೀರಿನಲ್ಲಿ ಹಡಗಿಗೆ ದಾರಿ ತೋರಿಸೋ ದೀಪದ ಬುಂಡೆಗೆ ಅಂತ ಯಾರಾದರೂ ಬಂದರೆ ನಾನೇ ಕೈಜೋಡಿಸ್ತೀನಿ.

ನಿಮ್ಮ ಗೆಳೆಯರ ಹತ್ತಿರ ತಿಂಗಳ ಪ್ರಕಾರ ಅಲೆಯ ಎತ್ತರ ಕೇಳಿ, ಹನ್ನೆರಡೂ ತಿಂಗಳದ್ದು. ಜುಲೈನಲ್ಲಿ ಪಿನ್ ಮುರಿದರೆ ನೀರಿಗೆ ಇಳಿಯೋರು ಯಾರು, ಅವರಿಗೆ ಕೂಲಿ ಎಷ್ಟು ಅಂತಾನೂ ಬರೆಸಿಕೊಳ್ಳಿ. ಆ ಹಾಳೆ ಸಿಕ್ಕರೆ ಇಲ್ಲೇ ಹಾಕಿ, ಭಾನುವಾರ ವರ್ಕ್‌ಶಾಪ್ ಬಂದ್ ಇರ್ತದೆ, ಕೂತು ಲೆಕ್ಕ ಮಾಡಿಕೊಡ್ತೀನಿ.